ಹೆಸರು ಕಂಪೆನಿಯದು, ದುಡಿಮೆ ಹತ್ತು ಜನರದು

ಊರಿನವರೆಲ್ಲ ಸೇರಿ ಒಂದು ಕೆರೆ ತೋಡುತ್ತಾರೆ ಎಂದುಕೊಳ್ಳೋಣ. ಒಬ್ಬ ಮಣ್ಣು ಅಗೆಯುತ್ತಾನೆ, ಇನ್ನೊಬ್ಬಳು ಬುಟ್ಟಿ ಹೊರುತ್ತಾಳೆ, ಮತ್ತೊಬ್ಬ ತೂಬು ಕೂಡಿಸುತ್ತಾನೆ. ಕೂಲಿಯ ಮಾತಿಲ್ಲ, ನೀರು ಎಲ್ಲರದು. ಕೆಲವು ವರ್ಷಗಳ ಬಳಿಕ ಒಂದು ಸಂಸ್ಥೆ ಬಂದು, ‘ಏರಿಯನ್ನು ನಾವು ಭದ್ರ ಮಾಡುತ್ತೇವೆ, ಕಾವಲುಗಾರನಿಗೆ ಸಂಬಳ ಕೊಡುತ್ತೇವೆ, ಕೆರೆಯ ಹೆಸರು ಮಾತ್ರ ನಮ್ಮದಾಗಿರಲಿ’ ಎನ್ನುತ್ತದೆ. ಜನ ಒಪ್ಪುತ್ತಾರೆ. ಮುಂದೊಂದು ದಿನ ಆ ಸಂಸ್ಥೆ ಬಾಗಿಲು ಮುಚ್ಚುತ್ತದೆ. ಆಗ ಕೆರೆ ಯಾರದು?

ಮೊಬೈಲ್ ಫೋನಿನ ತಂತ್ರಾಂಶ ಲೋಕದಲ್ಲಿ ಹೆಚ್ಚುಕಡಿಮೆ ಹೀಗೆಯೇ ಒಂದು ಪ್ರಸಂಗ ನಡೆದುಹೋಗಿದೆ. 2009ರಲ್ಲಿ ಹುಟ್ಟಿ, 2016ರ ಕೊನೆಯಲ್ಲಿ ತನ್ನ ಹೆಸರನ್ನೇ ಕಳೆದುಕೊಂಡ ‘ಸೈಯನೋಜೆನ್‌ಮಾಡ್’ ಎಂಬ ತಂತ್ರಾಂಶದ ಕಥೆ ಅದು. ಕಂಪ್ಯೂಟರ್ ಶಿಕ್ಷಣದತ್ತ ಮುಖ ಮಾಡಿರುವ ಮಕ್ಕಳು ಮತ್ತು ಅವರ ತಂದೆತಾಯಿಗಳು ತಿಳಿದಿರಬೇಕಾದ ಅನೇಕ ಸಂಗತಿಗಳು ಇದರಲ್ಲಿವೆ.

ತೆರೆದ ತಂತ್ರಾಂಶ ಎಂದರೇನು?

ಯಾವುದೇ ತಂತ್ರಾಂಶಕ್ಕೆ ಎರಡು ರೂಪಗಳಿರುತ್ತವೆ. ಒಂದು, ಮನುಷ್ಯರು ಓದಬಲ್ಲ ಮೂಲ ಬರಹ. ಇದನ್ನು ಸೋರ್ಸ್ ಕೋಡ್ ಎನ್ನುತ್ತಾರೆ. ಇನ್ನೊಂದು, ಯಂತ್ರಕ್ಕಷ್ಟೇ ಅರ್ಥವಾಗುವ ಸಂಕೇತಗಳ ಸರಣಿ. ಅಂಗಡಿಯಲ್ಲಿ ಕೊಂಡ ತಿಂಡಿಯ ಪೊಟ್ಟಣದಿಂದ ಅದನ್ನು ಮಾಡುವ ವಿಧಾನ ತಿಳಿಯುವುದಿಲ್ಲ. ಹಾಗೆಯೇ ಎರಡನೆಯ ರೂಪ ಮಾತ್ರ ಕೈಯಲ್ಲಿದ್ದರೆ ಒಳಗೇನಿದೆ ಎಂದು ತಿಳಿಯುವುದು ಬಹಳ ಕಷ್ಟ. ಮೂಲ ಬರಹವನ್ನೂ ಕೊಟ್ಟು, ಓದಲು, ತಿದ್ದಲು, ಹಂಚಲು ಅನುಮತಿ ನೀಡಿದರೆ ಅದು ತೆರೆದ ತಂತ್ರಾಂಶ, ಅಂದರೆ ಓಪನ್ ಸೋರ್ಸ್.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸ ವಿಚಾರವೇನಲ್ಲ. ಪ್ರಯೋಗ ಮಾಡಿದವರು ತಮ್ಮ ವಿಧಾನವನ್ನು ಪ್ರಕಟಿಸುತ್ತಾರೆ; ಬೇರೆಯವರು ಅದನ್ನು ಮತ್ತೆ ಮಾಡಿ ನೋಡುತ್ತಾರೆ; ತಪ್ಪಿದ್ದರೆ ತೋರಿಸುತ್ತಾರೆ. ತೆರೆದ ತಂತ್ರಾಂಶ ಬೆಳೆಯುವುದೂ ಇದೇ ರೀತಿ.

ಆಂಡ್ರಾಯ್ಡ್ ಇದಕ್ಕೆ ಒಂದು ದೊಡ್ಡ ಉದಾಹರಣೆ. 2003ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಆಂಡ್ರಾಯ್ಡ್ ಎಂಬ ಸಣ್ಣ ಕಂಪೆನಿಯನ್ನು 2005ರಲ್ಲಿ ಗೂಗಲ್ ಕೊಂಡುಕೊಂಡಿತು. 2007ರ ನವೆಂಬರ್‌ನಲ್ಲಿ 34 ಕಂಪೆನಿಗಳ ಒಕ್ಕೂಟದ ಹೆಸರಿನಲ್ಲಿ ಆಂಡ್ರಾಯ್ಡನ್ನು ಪ್ರಕಟಿಸಲಾಯಿತು. 2008ರ ಅಕ್ಟೋಬರ್‌ನಲ್ಲಿ ಮೊದಲ ಫೋನು ಮಾರಾಟಕ್ಕೆ ಬಂದಾಗ ಮೂಲ ಬರಹವೂ ಲೋಕಕ್ಕೆ ತೆರೆದುಕೊಂಡಿತು.

ಆದರೆ ಆಂಡ್ರಾಯ್ಡ್ ಒಂದೇ ಪದರವಲ್ಲ. ತಳದಲ್ಲಿ ಲಿನಕ್ಸ್ ಎಂಬ ಕರ್ನಲ್ ಇದೆ. ಅದರ ಪರವಾನಗಿ ಜಿಪಿಎಲ್. ಇದನ್ನು ತಿದ್ದಿ ಬೇರೆಯವರಿಗೆ ಕೊಡುವವರು ತಿದ್ದಿದ ಮೂಲ ಬರಹವನ್ನೂ ಕೊಡಲೇಬೇಕು. ಅದರ ಮೇಲಿನ ಬಹುಭಾಗಕ್ಕೆ ಅಪಾಚೆ ಎಂಬ ಪರವಾನಗಿ. ಇದರಲ್ಲಿ ಅಂಥ ಕಟ್ಟುಪಾಡಿಲ್ಲ. ಕಂಪೆನಿಗಳು ತಮ್ಮ ತಿದ್ದುಪಡಿಗಳನ್ನು ಮುಚ್ಚಿಟ್ಟುಕೊಳ್ಳಬಹುದು. ಎಲ್ಲಕ್ಕೂ ಮೇಲೆ ಜಿಮೇಲ್, ಯೂಟ್ಯೂಬ್, ನಕ್ಷೆ, ಆ್ಯಪ್ ಅಂಗಡಿ ಮುಂತಾದ ಗೂಗಲ್‌ನ ಸ್ವಂತ ತಂತ್ರಾಂಶಗಳು. ಇವು ತೆರೆದವಲ್ಲ.

ಒಬ್ಬನಿಂದ ಹಲವರಿಗೆ

ಮೊದಲ ಆಂಡ್ರಾಯ್ಡ್ ಫೋನನ್ನು ಕೊಂಡವರಲ್ಲಿ ಸ್ಟೀವ್ ಕಾಂಡಿಕ್ ಎಂಬ ಅಮೆರಿಕದ ತಂತ್ರಾಂಶ ತಜ್ಞನೂ ಒಬ್ಬ. ಫೋನು ಇನ್ನಷ್ಟು ಚುರುಕಾಗಬಹುದೆಂದು ಆತನಿಗೆ ಅನ್ನಿಸಿತು. ಮೂಲ ಬರಹವನ್ನು ತಿದ್ದಿ, ತನ್ನ ಆವೃತ್ತಿಯನ್ನು ಎಲ್ಲರಿಗೂ ಹಂಚಿದ. ಆತ ಇಟ್ಟುಕೊಂಡಿದ್ದ ಅಡ್ಡಹೆಸರು ಸೈಯನೋಜೆನ್. ರಸಾಯನಶಾಸ್ತ್ರದಲ್ಲಿ ಇದು ಇಂಗಾಲ ಮತ್ತು ಸಾರಜನಕ ಸೇರಿ ಆಗುವ, ಬಣ್ಣವಿಲ್ಲದ ವಿಷಾನಿಲದ ಹೆಸರು. ತಂತ್ರಾಂಶಕ್ಕೂ ಅದೇ ಹೆಸರು ಅಂಟಿಕೊಂಡಿತು.

2009ರ ಸೆಪ್ಟೆಂಬರ್‌ನಲ್ಲಿ ಗೂಗಲ್‌ನ ವಕೀಲರಿಂದ ಪತ್ರ ಬಂತು. ಸೈಯನೋಜೆನ್‌ಮಾಡ್‌ನಲ್ಲಿ ಗೂಗಲ್‌ನ ಸ್ವಂತ ತಂತ್ರಾಂಶಗಳೂ ಸೇರಿದ್ದವು; ಅನುಮತಿಯಿಲ್ಲದೆ ಅವನ್ನು ಹಂಚುವ ಹಕ್ಕು ಯಾರಿಗೂ ಇರಲಿಲ್ಲ. ಕಾಂಡಿಕ್ ಅವನ್ನು ತೆಗೆದುಹಾಕಿದ. ಉಳಿದ ಭಾಗ ಮುಂದುವರಿಯಿತು. ತೆರೆದ ಭಾಗ ಎಲ್ಲಿಗೆ ಮುಗಿಯುತ್ತದೆ, ಮುಚ್ಚಿದ ಭಾಗ ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆ ಅಂದು ಎಲ್ಲರಿಗೂ ಸ್ಪಷ್ಟವಾಯಿತು.

ಬರಬರುತ್ತ ಒಬ್ಬನ ಹವ್ಯಾಸ ಹಲವು ದೇಶಗಳ ನೂರಾರು ಜನರ ಕೆಲಸವಾಯಿತು. ಅದು ನಡೆಯುತ್ತಿದ್ದ ರೀತಿ ಗಮನಿಸುವಂಥದ್ದು. ಒಬ್ಬ ಸ್ವಯಂಸೇವಕ ಒಂದು ದೋಷವನ್ನು ಸರಿಪಡಿಸಿದರೆ ಅದು ನೇರವಾಗಿ ಒಳಗೆ ಸೇರುವುದಿಲ್ಲ. ಮೊದಲು ಎಲ್ಲರೂ ನೋಡುವಂತೆ ಪರಿಶೀಲನೆಗೆ ಇಡಬೇಕು. ಬೇರೆಯವರು ಸಾಲು ಸಾಲಾಗಿ ಓದುತ್ತಾರೆ. ‘ಇದು ಯಾಕೆ ಹೀಗೆ?’ ಎಂದು ಕೇಳುತ್ತಾರೆ; ತಿದ್ದಿ ತರಲು ಹೇಳುತ್ತಾರೆ. ಒಪ್ಪಿಗೆಯಾದ ಮೇಲಷ್ಟೇ ಅದಕ್ಕೆ ಸ್ಥಾನ. ಪ್ರತಿಯೊಂದು ಮಾದರಿಯ ಫೋನಿಗೂ ಹೊಣೆ ಹೊತ್ತವರು ಬೇರೆಯೇ ಇರುತ್ತಿದ್ದರು. ಇಲ್ಲಿ ವಯಸ್ಸು, ಪದವಿ, ಊರು ಯಾರೂ ಕೇಳುವುದಿಲ್ಲ; ಮಾಡಿದ ಕೆಲಸವೇ ಪರಿಚಯ ಪತ್ರ.

ಇದರ ಫಲ ಉಣ್ಣುತ್ತಿದ್ದವರು ಸಾಮಾನ್ಯ ಜನ. ತಯಾರಕರು ಎರಡು ವರ್ಷಕ್ಕೇ ಕೈಬಿಟ್ಟ ಫೋನುಗಳು ಸೈಯನೋಜೆನ್‌ಮಾಡ್‌ನಿಂದ ಮತ್ತೆ ಕೆಲವು ವರ್ಷ ಬಾಳಿದವು. 2013ರ ಕೊನೆಯ ಹೊತ್ತಿಗೆ ಇದನ್ನು ಬಳಸುವ ಫೋನುಗಳ ಲೆಕ್ಕ ಒಂದು ಕೋಟಿ ದಾಟಿತ್ತು.

ಕಂಪೆನಿಯ ಪ್ರವೇಶ

2013ರ ಸೆಪ್ಟೆಂಬರ್‌ನಲ್ಲಿ ‘ಸೈಯನೋಜೆನ್ ಇಂಕ್’ ಎಂಬ ಕಂಪೆನಿ ಸ್ಥಾಪನೆಯಾಗಿರುವ ಸುದ್ದಿ ಹೊರಬಿತ್ತು. ಕಾಂಡಿಕ್ ಜೊತೆಗೆ ಕರ್ಟ್ ಮೆಕ್‌ಮಾಸ್ಟರ್ ಎಂಬ ಉದ್ಯಮಿ ಇದರ ಮುಖ್ಯಸ್ಥ. ಮೊದಲು 70 ಲಕ್ಷ ಡಾಲರ್, ಅದೇ ಡಿಸೆಂಬರ್‌ನಲ್ಲಿ 2.3 ಕೋಟಿ ಡಾಲರ್, 2015ರ ಮಾರ್ಚ್‌ನಲ್ಲಿ ಮತ್ತೆ 8 ಕೋಟಿ ಡಾಲರ್ ಬಂಡವಾಳ ಹರಿದುಬಂತು.

ಇದರಿಂದ ಒಳ್ಳೆಯದೇ ಆಗಲಿಲ್ಲ ಎನ್ನುವಂತಿಲ್ಲ. ಹಗಲು ನೌಕರಿ ಮಾಡಿ ರಾತ್ರಿ ಈ ಕೆಲಸ ಮಾಡುತ್ತಿದ್ದ ಕೆಲವರಿಗೆ ಇದೇ ಸಂಬಳದ ಕೆಲಸವಾಯಿತು. ಅಂಗಡಿಯಿಂದ ತಂದಾಗಲೇ ಈ ತಂತ್ರಾಂಶ ಇರುವ ಫೋನುಗಳು ಬಂದವು. 2014ರ ಒನ್‌ಪ್ಲಸ್ ಒನ್ ಅವುಗಳಲ್ಲಿ ಹೆಸರು ಮಾಡಿತು.

ಆದರೆ ಬಿರುಕು ಮೊದಲ ತಿಂಗಳೇ ಕಾಣಿಸಿತು. ಸಮುದಾಯದ ಸದಸ್ಯನೊಬ್ಬ ಬರೆದಿದ್ದ ಕ್ಯಾಮೆರಾ ತಂತ್ರಾಂಶ ಜಿಪಿಎಲ್ ಪರವಾನಗಿಯಲ್ಲಿತ್ತು. ಅದನ್ನು ಬೇರೊಂದು ಪರವಾನಗಿಯ ಅಡಿಯಲ್ಲೂ ತನಗೆ ಕೊಡಬೇಕೆಂದು ಕಂಪೆನಿ ಕೇಳಿತು. ಸಮುದಾಯಕ್ಕೆ ಅದು ಜಿಪಿಎಲ್‌ನಲ್ಲೇ ಉಳಿಯುತ್ತದೆ, ವ್ಯಾಪಾರಕ್ಕಾಗಿ ಇನ್ನೊಂದು ಅನುಮತಿ ಬೇಕು ಎಂಬುದು ಕಂಪೆನಿಯ ವಾದ. ಎಲ್ಲರಿಗೆಂದು ಬರೆದದ್ದನ್ನು ಮುಚ್ಚಿದ ರೂಪದಲ್ಲಿ ಮಾರಲು ಒಪ್ಪಲಾರೆ ಎಂಬುದು ಬರೆದವನ ನಿಲುವು. ಕೊನೆಗೆ ಆತ ತನ್ನ ಕೃತಿಯೊಂದಿಗೆ ಹೊರನಡೆದ. ಕಾನೂನಿನ ದೃಷ್ಟಿಯಿಂದ ಇಬ್ಬರ ಮಾತಿಗೂ ಆಧಾರವಿತ್ತು. ಮುರಿದದ್ದು ಕಾನೂನಲ್ಲ, ನಂಬಿಕೆ.

ಭಾರತದಲ್ಲೊಂದು ಮೊಕದ್ದಮೆ

ಎರಡನೆಯ ಬಿರುಕು ಕಾಣಿಸಿದ್ದು ನಮ್ಮ ದೇಶದಲ್ಲೇ. ಒನ್‌ಪ್ಲಸ್ 2014ರ ಡಿಸೆಂಬರ್ ಮೊದಲ ವಾರ ಭಾರತದಲ್ಲಿ ಮಾರಾಟ ಆರಂಭಿಸಿತು. ಅಷ್ಟರಲ್ಲೇ ಸೈಯನೋಜೆನ್ ಕಂಪೆನಿ ಭಾರತದ ಮಟ್ಟಿಗೆ ಏಕಸ್ವಾಮ್ಯದ ಹಕ್ಕನ್ನು ಮೈಕ್ರೋಮ್ಯಾಕ್ಸ್‌ಗೆ ಬರೆದುಕೊಟ್ಟಿತ್ತು. ಮೈಕ್ರೋಮ್ಯಾಕ್ಸ್ ದೆಹಲಿ ಹೈಕೋರ್ಟಿಗೆ ಹೋಯಿತು. ಡಿಸೆಂಬರ್ 16ರಂದು ಒನ್‌ಪ್ಲಸ್ ಮೇಲೆ ತಡೆಯಾಜ್ಞೆ ಬಂತು. ಮರುವಾರವೇ ವಿಭಾಗೀಯ ಪೀಠ ಅದನ್ನು ತಡೆಹಿಡಿಯಿತು. ಈ ನಡುವೆಯೇ ಮೈಕ್ರೋಮ್ಯಾಕ್ಸ್‌ನ ‘ಯು ಯುರೇಕಾ’ ಫೋನು ಬಿಡುಗಡೆಯಾಯಿತು. ಅದರ ಬೆಲೆ 8,999 ರೂಪಾಯಿ.

ವಿಚಿತ್ರ ನೋಡಿ. ಲೋಕದ ಯಾವ ಮೂಲೆಯವರೂ ಬಳಸಬಹುದೆಂದು ಸ್ವಯಂಸೇವಕರು ಬರೆದ ತಂತ್ರಾಂಶದ ಹೆಸರಿನಲ್ಲಿ, ಒಂದು ದೇಶದಲ್ಲಿ ಯಾರು ಮಾರಬೇಕು, ಯಾರು ಮಾರಬಾರದು ಎಂಬ ವ್ಯಾಜ್ಯ! ತೆರೆದ ಬರಹದ ಮೇಲೆ ಏಕಸ್ವಾಮ್ಯ ಸಾಧ್ಯವಿಲ್ಲ. ಕಂಪೆನಿಯ ಕೈಯಲ್ಲಿದ್ದದ್ದು ಹೆಸರು ಮತ್ತು ಕರಾರು. ಒನ್‌ಪ್ಲಸ್ 2015ರಲ್ಲಿ ಆಕ್ಸಿಜನ್ ಓಎಸ್ ಎಂಬ ತನ್ನದೇ ತಂತ್ರಾಂಶವನ್ನು ಹೊರತಂದು ಬೇರೆ ದಾರಿ ಹಿಡಿಯಿತು.

ಅದೇ ವರ್ಷ ಮೆಕ್‌ಮಾಸ್ಟರ್, ಆಂಡ್ರಾಯ್ಡನ್ನು ಗೂಗಲ್‌ನ ಹಿಡಿತದಿಂದ ಬಿಡಿಸುವುದೇ ತಮ್ಮ ಗುರಿ ಎಂದು ಸಾರಿದರು. ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಜೊತೆ ಒಪ್ಪಂದವಾಯಿತು. ಆ ಕಂಪೆನಿಯ ತಂತ್ರಾಂಶಗಳು ಸೈಯನೋಜೆನ್‌ನ ವಾಣಿಜ್ಯ ಆವೃತ್ತಿಯೊಳಗೆ ಬರುವಂತಾಯಿತು. ಒಬ್ಬ ಯಜಮಾನನಿಂದ ಬಿಡಿಸಿ ಇನ್ನೊಬ್ಬನ ಮನೆಗೆ ಸೇರಿಸಿದಂತಾಯಿತಲ್ಲ ಎಂದು ಹಳೆಯ ಬಳಕೆದಾರರು ಗೊಣಗಿದರೆ ಆಶ್ಚರ್ಯವಿಲ್ಲ.

ಹೆಸರು ಹೋಯಿತು, ಬೇರು ಉಳಿಯಿತು

ನಿರೀಕ್ಷಿಸಿದ ವ್ಯಾಪಾರ ಕುದುರಲಿಲ್ಲ. 2016ರ ಜುಲೈನಲ್ಲಿ ಐದರಲ್ಲೊಂದು ಪಾಲು ನೌಕರರನ್ನು ತೆಗೆಯಲಾಯಿತು. ಅಕ್ಟೋಬರ್‌ನಲ್ಲಿ ಮುಖ್ಯಸ್ಥರು ಬದಲಾದರು. ನವೆಂಬರ್‌ನಲ್ಲಿ ಕಾಂಡಿಕ್ ತಾನೇ ಕಟ್ಟಿದ ಕಂಪೆನಿಯಿಂದ ಹೊರಬಂದ. ಕ್ರಿಸ್‌ಮಸ್ ಹಬ್ಬಕ್ಕೆ ಒಂದೆರಡು ದಿನ ಮುಂಚೆ ಕಂಪೆನಿಯ ಚುಟುಕು ಪ್ರಕಟಣೆ ಹೊರಬಿತ್ತು: ಡಿಸೆಂಬರ್ 31ರೊಳಗೆ ಎಲ್ಲ ಸೇವೆಗಳೂ ಬಂದ್. ಆದರೆ ಆ ಗಡುವಿಗೂ ಕಾಯದೆ ಹಬ್ಬದ ದಿನವೇ ಸ್ವಯಂಸೇವಕರು ಕೆಲಸ ಮಾಡುತ್ತಿದ್ದ ಸರ್ವರ್‌ಗಳು ಸ್ತಬ್ಧವಾದವು.

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ಹೊರೆ’ ಎಂಬ ಗಾದೆಯಿದೆ. ಹತ್ತು ಜನರ ಏಳು ವರ್ಷದ ಹೊರೆ ಒಂದೇ ಕಂಪೆನಿಯ ತಲೆಯ ಮೇಲಿತ್ತು. ತಲೆ ಸರಿದಾಗ ಹೊರೆ ಬೀಳಲೇಬೇಕಿತ್ತು.

ಬೀಳಲಿಲ್ಲ. ಕಾರಣ ಪರವಾನಗಿ. ಹೆಸರು, ಚಿಹ್ನೆ, ಸರ್ವರ್‌ಗಳು ಕಂಪೆನಿಯವಾಗಿದ್ದರೂ ಮೂಲ ಬರಹವನ್ನು ಹಿಂದಕ್ಕೆ ಪಡೆಯುವ ಅಧಿಕಾರ ಅದಕ್ಕಿರಲಿಲ್ಲ. ಅದರ ಪ್ರತಿಗಳು ಎಷ್ಟೋ ಜನರ ಕಂಪ್ಯೂಟರ್‌ಗಳಲ್ಲಿದ್ದವು. ಡಿಸೆಂಬರ್ 24ರಂದೇ ಸ್ವಯಂಸೇವಕರು ‘ಲಿನಿಯೇಜ್ ಓಎಸ್’ ಎಂಬ ಹೊಸ ಹೆಸರನ್ನು ಸಾರಿದರು. ಲಿನಿಯೇಜ್ ಎಂದರೆ ವಂಶಪರಂಪರೆ. 2017ರ ಜನವರಿಯಲ್ಲೇ ಹೊಸ ಹೆಸರಿನ ತಂತ್ರಾಂಶ ಫೋನುಗಳನ್ನು ತಲುಪತೊಡಗಿತು. ಇಂದಿಗೂ ಅದು ಸ್ವಯಂಸೇವಕರಿಂದಲೇ ನಡೆಯುತ್ತಿದೆ. ಆಂಡ್ರಾಯ್ಡ್ 16ನ್ನು ಆಧರಿಸಿದ ಆವೃತ್ತಿ 2025ರ ಅಕ್ಟೋಬರ್‌ನಲ್ಲಿ ಬಂದಿದೆ. ಕೋಟಿ ಕೋಟಿ ಬಂಡವಾಳ ಪಡೆದ ಕಂಪೆನಿ ಮೂರು ಚಿಲ್ಲರೆ ವರ್ಷ ಬಾಳಿತು. ಸಂಬಳವಿಲ್ಲದ ಸಮುದಾಯ ಬದುಕಿಯೇ ಇದೆ.

ಕಂಪೆನಿ ಬೇಡವೇ?

ಹಾಗೆಂದು ಕಂಪೆನಿಗಳೆಲ್ಲ ಕೆಟ್ಟವು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಲಿನಕ್ಸ್‌ನ ಕೆಲಸದಲ್ಲಿ ಬಹುಪಾಲನ್ನು ಇಂದು ಮಾಡುತ್ತಿರುವವರು ಕಂಪೆನಿಗಳ ಸಂಬಳದ ನೌಕರರೇ. ಗೂಗಲ್ ಹಣ ಸುರಿಯದಿದ್ದರೆ ಆಂಡ್ರಾಯ್ಡ್ ಈ ಮಟ್ಟಕ್ಕೆ ಬರುತ್ತಿರಲಿಲ್ಲ. ನೆದರ್‌ಲೆಂಡ್ಸ್‌ನ ಫೇರ್‌ಫೋನ್ ಕಂಪೆನಿ 2015ರಲ್ಲಿ ಹೊರತಂದ ತನ್ನ ಎರಡನೆಯ ಫೋನಿಗೆ 2023ರವರೆಗೂ ಹೊಸ ಆವೃತ್ತಿಗಳನ್ನು ಒದಗಿಸಿತು. ಚಿಪ್ ತಯಾರಕರ ನೆರವು ನಿಂತ ಮೇಲೆ ಅದಕ್ಕೆ ಒದಗಿಬಂದದ್ದು ಲಿನಿಯೇಜ್ ಸಮುದಾಯದವರ ಕೆಲಸ. ಕಂಪೆನಿಯ ಧ್ಯೇಯ ಮತ್ತು ಸಮುದಾಯದ ನಡವಳಿಕೆ ಒಂದೇ ದಿಕ್ಕಿಗೆ ಸಾಗಿದರೆ ಇಬ್ಬರಿಗೂ ಲಾಭ ಎಂಬುದಕ್ಕೆ ಇದು ಸಾಕ್ಷಿ.

ಜೊತೆಗೆ ಎಚ್ಚರವೂ ಬೇಕು. 2025ರ ಮಾರ್ಚ್‌ನಲ್ಲಿ ಗೂಗಲ್, ಇನ್ನು ಮುಂದೆ ಆಂಡ್ರಾಯ್ಡ್‌ನ ಕೆಲಸವನ್ನೆಲ್ಲ ಒಳಗೇ ನಡೆಸಿ, ಆವೃತ್ತಿ ಸಿದ್ಧವಾದ ಮೇಲೆ ಮೂಲ ಬರಹವನ್ನು ಕೊಡುವುದಾಗಿ ತಿಳಿಸಿತು. ಅಡುಗೆ ಎಲ್ಲರಿಗೂ ಸಿಗುತ್ತದೆ. ಅಡುಗೆಮನೆಗೆ ಮಾತ್ರ ಪ್ರವೇಶವಿಲ್ಲ.

ಮಕ್ಕಳಿಗೂ ಪೋಷಕರಿಗೂ

ಇಂಥ ಯೋಜನೆಗಳಲ್ಲಿ ಭಾಗವಹಿಸುವುದು ವಿದ್ಯಾರ್ಥಿಗಳಿಗೆ ಒಂದು ಅಪೂರ್ವ ಶಾಲೆ. ತಮ್ಮ ಬರಹವನ್ನು ಅಪರಿಚಿತರು ತಿದ್ದುವಾಗ ಸಿಟ್ಟಾಗದೆ ಕಲಿಯುವ ಅಭ್ಯಾಸ ತರಗತಿಯಲ್ಲಿ ಸುಲಭವಾಗಿ ಬರುವುದಿಲ್ಲ. ಪ್ರೋಗ್ರಾಂ ಬರೆಯಲು ಬಾರದವರಿಗೂ ಅನುವಾದ, ದೋಷ ಪತ್ತೆ, ವಿವರಣೆ ಬರೆಯುವುದು ಮುಂತಾದ ಕೆಲಸಗಳಿವೆ. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಬಳಗ ಆಂಡ್ರಾಯ್ಡ್‌ನ ತೆರೆದ ಕೀಲಿಮಣೆಯನ್ನೇ ತಿದ್ದಿ ‘ಇಂಡಿಕ್ ಕೀಬೋರ್ಡ್’ ರೂಪಿಸಿತು. ಅದರಲ್ಲಿ ಕನ್ನಡವೂ ಸೇರಿದೆ. ನೆರೆರಾಜ್ಯದವರ ಶ್ರಮದಿಂದ ಕನ್ನಡದ ಬೆರಳುಗಳಿಗೂ ದಾರಿಯಾಯಿತು.

ಕೆಲಸಕ್ಕೆ ಕೈಹಾಕುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಪರವಾನಗಿ ಯಾವುದು? ಹೆಸರು ಮತ್ತು ಚಿಹ್ನೆ ಯಾರ ಸ್ವತ್ತು? ಒಪ್ಪಿಗೆಯ ಅಂತಿಮ ಮಾತು ಯಾರದು? ನಾಳೆ ಹಣ ಕೊಡುವವರು ಹೋದರೆ ಸರ್ವರ್ ನಡೆಸುವವರು ಯಾರು? ಸೈಯನೋಜೆನ್‌ಮಾಡ್‌ನವರಿಗೆ ಮೊದಲ ಪ್ರಶ್ನೆಯ ಉತ್ತರ ಗಟ್ಟಿಯಾಗಿತ್ತು, ಆದ್ದರಿಂದಲೇ ಉಳಿದುಕೊಂಡರು. ಮಿಕ್ಕ ಮೂರರ ಉತ್ತರ ಸಡಿಲವಾಗಿತ್ತು. ಅದಕ್ಕೇ ಪೆಟ್ಟು ತಿಂದರು.

ಪೋಷಕರಿಗೂ ಒಂದು ಮಾತು. ಫೋನಿನ ತಂತ್ರಾಂಶ ಬದಲಿಸಲು ಮೊದಲು ಅದರ ಬೀಗ ತೆಗೆಯಬೇಕು. ಆಗ ಒಳಗಿನ ಚಿತ್ರ, ಕಡತಗಳೆಲ್ಲ ಅಳಿಸಿಹೋಗುತ್ತವೆ. ಕೆಲವು ತಯಾರಕರು ವಾರಂಟಿ ನಿರಾಕರಿಸಬಹುದು. ಕೆಲವು ಬ್ಯಾಂಕ್ ತಂತ್ರಾಂಶಗಳು ನಡೆಯದಿರಬಹುದು. ಆದ್ದರಿಂದ ದಿನಬಳಕೆಯ ಫೋನನ್ನು ಪ್ರಯೋಗಕ್ಕೆ ಕೊಡುವುದು ಬೇಡ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನಿನ ಹೆಸರು ಲಿನಿಯೇಜ್‌ನ ಪಟ್ಟಿಯಲ್ಲಿದ್ದರೆ, ಬ್ಯಾಟರಿಯೂ ಚೆನ್ನಾಗಿದ್ದರೆ, ರಜೆಯಲ್ಲಿ ಮಗಳಿಗೋ ಮಗನಿಗೋ ಅದನ್ನು ಕೊಟ್ಟು ನೋಡಬಹುದು. ಗುಜರಿಗೆ ಹೋಗಬೇಕಿದ್ದ ಯಂತ್ರ ಪಾಠದ ಪುಸ್ತಕವಾಗಿ ಕೂತೀತು.