ಸರ್ವಿಸ್, ಸೇವೆ, ದಾಸೋಹ

ಇಂಗ್ಲಿಷ್ ಬಾರದ ಹಿರಿಯರ ಬಾಯಲ್ಲಿಯೂ ಸಲೀಸಾಗಿ ಸುಳಿದಾಡುವ ಇಂಗ್ಲಿಷ್ ಶಬ್ದಗಳಲ್ಲಿ 'ಸರ್ವಿಸ್' ಎಂಬುದೂ ಒಂದು. ನಿವೃತ್ತಿಯ ಅಂಚಿನಲ್ಲಿರುವ ಮಾಸ್ತರರನ್ನು 'ಇನ್ನೆಷ್ಟು ವರ್ಷ ಸರ್ವಿಸ್ ಉಳಿದಿದೆ?' ಎಂದು ಕೇಳುತ್ತೇವೆ. ಮೋಟಾರು ಸೈಕಲ್ಲನ್ನು ಸರ್ವಿಸ್‌ಗೆ ಬಿಡುತ್ತೇವೆ. ನಮ್ಮೂರಿಗೆ ಬಸ್ ಸರ್ವಿಸ್ ಚೆನ್ನಾಗಿದೆ ಎನ್ನುತ್ತೇವೆ. ಹೋಟೆಲಿನ ಗೋಡೆಯ ಮೇಲೆ 'ಸೆಲ್ಫ್ ಸರ್ವಿಸ್', ಬಿಲ್ಲಿನ ಕೊನೆಯಲ್ಲಿ 'ಸರ್ವಿಸ್ ಚಾರ್ಜ್'. ಶಬ್ದ ಒಂದೇ, ತೊಟ್ಟ ವೇಷಗಳು ಹಲವು.

ಇಂಗ್ಲಿಷಿನಲ್ಲಿ ಅದರ ಹರವು ಇನ್ನೂ ದೊಡ್ಡದು. ಚರ್ಚಿನ ಸಾಮೂಹಿಕ ಪ್ರಾರ್ಥನೆ ಸರ್ವಿಸ್. ಟೆನಿಸ್ ಆಟಗಾರ ಆಟ ಆರಂಭಿಸಲು ಚೆಂಡನ್ನು ಹೊಡೆಯುವುದೂ ಸರ್ವಿಸ್. ಒಂದೇ ಮಾದರಿಯ ಚಹಾ ಪಾತ್ರೆಗಳ ಜೊತೆ ಸರ್ವಿಸ್. ನ್ಯಾಯಾಲಯದ ಸಮನ್ಸನ್ನು ಕಕ್ಷಿದಾರನ ಕೈಗೆ ಮುಟ್ಟಿಸುವುದೂ ಸರ್ವಿಸ್. ಇದೇ ಹೆಸರಿನ ಒಂದು ಹಣ್ಣಿನ ಮರವೂ ಯುರೋಪಿನಲ್ಲಿದೆ. ಆದರೆ ಅದರ ಹೆಸರು 'ಸೋರ್ಬುಸ್' ಎಂಬ ಬೇರೆಯೇ ಲ್ಯಾಟಿನ್ ಮೂಲದಿಂದ ಬಂದದ್ದು. ಕೇಳಲು ಒಂದೇ, ಕುಲ ಬೇರೆ.

ಉಳಿದವೆಲ್ಲ ಒಂದೇ ಬೇರಿನ ಕೊಂಬೆಗಳು. ಲ್ಯಾಟಿನ್ ಭಾಷೆಯಲ್ಲಿ 'ಸೆರ್ವುಸ್' ಎಂದರೆ ಗುಲಾಮ. 'ಸೆರ್ವಿತಿಯುಂ' ಎಂದರೆ ಗುಲಾಮಗಿರಿ. ಅದು ಫ್ರೆಂಚ್ ಭಾಷೆಯನ್ನು ಹಾದು ಇಂಗ್ಲಿಷಿಗೆ ಬಂದಾಗ ಪಡೆದ ಮೊದಮೊದಲ ಅರ್ಥವೇ ದೇವರ ಆರಾಧನೆ. ಪೊಲೀಸ್ ಇಲಾಖೆಯ 'ಸಾರ್ಜೆಂಟ್' ಈ ಮನೆತನದವನೇ. ಊಟದ ಕೊನೆಗೆ ಬರುವ ಸಿಹಿಯನ್ನು ಸೂಚಿಸುವ 'ಡೆಸರ್ಟ್' ಎಂಬ ಮಾತೂ ಬಡಿಸಿದ್ದನ್ನು ತೆಗೆದ ಮೇಲೆ ಬರುವುದೆಂಬ ಅರ್ಥದಿಂದ ಹುಟ್ಟಿದೆ. 'ಅರ್ಹನಾಗು' ಎಂಬರ್ಥದ 'ಡಿಸರ್ವ್' ಶಬ್ದದ ಮೂಲಾರ್ಥ, ಮನಮುಟ್ಟಿ ಸೇವೆ ಸಲ್ಲಿಸುವುದು. ಸೇವೆಯಿಂದಲೇ ಅರ್ಹತೆ ಎಂಬ ತತ್ತ್ವ ಆ ಭಾಷೆಯ ಒಡಲಲ್ಲಿಯೂ ಅಡಗಿದೆಯೆಂಬುದು ಗಮನಾರ್ಹ.

ಆದರೆ ಹೆಸರು ಹೇಳುವಂತೆ ನಡೆ ಇರಬೇಕಲ್ಲವೆ? ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ಕಾಗದದ ಮೇಲೆ ಕಂಪನಿಯ 'ಸರ್ವೆಂಟ್'ಗಳೆಂದೇ ಹೆಸರು. 1855ರಲ್ಲಿ ಸ್ಪರ್ಧಾ ಪರೀಕ್ಷೆಯಿಂದ ಆರಿಸಲಾರಂಭಿಸಿದ ಅಧಿಕಾರವರ್ಗಕ್ಕೂ 'ಸಿವಿಲ್ ಸರ್ವಿಸ್' ಎಂದೇ ಹೆಸರು. ಹೆಸರು ಸೇವಕನದು, ಗತ್ತು ದೊರೆಯದು! ಅದೇ ಶಬ್ದವನ್ನು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ 'ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ'ಗೆ ಇಟ್ಟು, ಅದಕ್ಕೆ ತ್ಯಾಗದ ತೂಕ ತಂದುಕೊಟ್ಟರು. ಶಬ್ದದ ಬೆಲೆ ಅದನ್ನಾಡುವವರ ಬದುಕಿನಲ್ಲಿದೆ.

ಇಲ್ಲಿ ನಮ್ಮ 'ದಾಸೋಹ' ನೆನಪಾಗುತ್ತದೆ. 'ದಾಸಃ ಅಹಂ', ನಾನು ದಾಸ ಎಂಬುದು ಅದರ ಬಿಡಿಸಿದ ರೂಪ. ಸರ್ವಿಸ್ ಶಬ್ದದಂತೆ ಇದರ ಬೇರಿನಲ್ಲಿಯೂ ಆಳುತನವಿದೆ. ಆದರೆ ಅಲ್ಲಿ ಆಳನ್ನು ಮಾಡಿದವನು ಒಡೆಯ. ಇಲ್ಲಿ ಕೊಡುವ ಕೈಯೇ ತಾನಾಗಿ ಆಳಾಗಿ ಬಾಗುತ್ತದೆ. ಉಣ್ಣುವವನು ಋಣಿಯಲ್ಲ, ಉಣಿಸುವವನು ದಾನಿಯಲ್ಲ. ಕಾಯಕದಿಂದ ಬಂದದ್ದನ್ನು ಸಮಾಜಕ್ಕೆ ಸಲ್ಲಿಸುವ ಈ ಭಾವ ಬೆಲೆಪಟ್ಟಿಯಲ್ಲಿ ಸಿಕ್ಕುವಂಥದಲ್ಲ.

ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚಿಗೆ ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದ ಕಥೆ ನಮಗೆಲ್ಲ ತಿಳಿದದ್ದೇ. ದಾಸೋಹಕ್ಕೆ ಅಕ್ಕಿ ಎಷ್ಟೆಂಬುದಲ್ಲ, ಮನಸ್ಸು ಎಂಥದೆಂಬುದು ಮುಖ್ಯ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳನ್ನು ನಾಡು 'ತ್ರಿವಿಧ ದಾಸೋಹಿ' ಎಂದು ಕರೆದುದು ಅನ್ನ, ಅಕ್ಷರ, ಆಶ್ರಯಗಳನ್ನು ಜಾತಿಮತಗಳ ಎಣಿಕೆಯಿಲ್ಲದೆ ಮಕ್ಕಳಿಗೆ ನೀಡಿದ್ದಕ್ಕಾಗಿ.

ಇಂದು ಮದುವೆಯ ಆಮಂತ್ರಣ, ಮಠದ ಜಾತ್ರೆಯ ಕರೆಯೋಲೆಗಳನ್ನು ಪರಊರು, ಪರದೇಶದ ಬಂಧುಗಳಿಗೆಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸುತ್ತೇವೆ. ಅಲ್ಲಿ ದಾಸೋಹವನ್ನು 'ಫ್ರೀ ಮೀಲ್ಸ್' ಎಂದೋ 'ಫುಡ್ ಸರ್ವಿಸ್' ಎಂದೋ ಬರೆದರೆ ಊಟ ಉಳಿದೀತು, ದಾಸ ಮಾಯವಾದಾನು. ದಾಸೋಹವನ್ನು ದಾಸೋಹವೆಂದೇ ಬರೆಯೋಣ. ಅರ್ಥ ಕೇಳಿದ ಮಕ್ಕಳ ಕೈಗೆ ನಿಘಂಟನ್ನಲ್ಲ, ಪ್ರಸಾದ ಬಡಿಸುವ ಸೌಟನ್ನು ಕೊಡೋಣ. ಪಂಕ್ತಿಯಲ್ಲಿ ಬಾಗಿ ಬಡಿಸಿದ ಮಗುವಿಗೆ ಅರ್ಥ ತಾನಾಗಿಯೇ ತಿಳಿಯುತ್ತದೆ.