ಮನೆಯ ಬೀರಿಗೆ ತಕ್ಕ ತಂಪು

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಬೀರಿನ ಪ್ರಸ್ತಾಪವೇಕೆಂದು ಕೆಲವರು ವಾಚಕರಾದರೂ ಹುಬ್ಬು ಗಂಟಿಕ್ಕುವರೆಂಬುದನ್ನು ನಾವು ಬಲ್ಲೆವು. ಕುಡಿಯಿರೆಂದು ಬೋಧಿಸುವುದು ನಮ್ಮ ಉದ್ದೇಶವಲ್ಲ. ಇಂಗ್ಲೆಂಡಿನ ಉತ್ತರಭಾಗದಲ್ಲಿ ಸಂಸಾರ ಹೂಡಿದ್ದ ಕಾಲದಲ್ಲಿ, ಅಲ್ಲಿಯ ಅನೇಕ ಗೃಹಸ್ಥರಂತೆ ನಾವೂ ಮನೆಯಲ್ಲಿಯೇ ಬೀರು ಹುದುಗಿಸಲು ಹೊರಟು, ಕೇವಲ ಹತ್ತು ಡಿಗ್ರಿ ಉಷ್ಣದ ವಿಚಾರದಲ್ಲಿ ಮಾಡಿದ ತಪ್ಪಿನಿಂದ ಮಗುವಿನ ಕಣ್ಣಿಗೇ ಸಂಚಕಾರ ತಂದುಕೊಳ್ಳಲಿದ್ದೆವು. ಆ ಸಂಗತಿಯನ್ನು ಹೇಳುವುದಕ್ಕಾಗಿ ಈ ಲೇಖನ. ಆ ದೇಶದಲ್ಲಿ ೧೯೬೩ರಿಂದ, ಮಾರಾಟಕ್ಕಲ್ಲದೆ ಮನೆಯ ಬಳಕೆಗೆ ಮಾತ್ರ ಬೀರು ತಯಾರಿಸುವುದಕ್ಕೆ ಪರವಾನಗಿ ಬೇಕಾಗಿಲ್ಲ. ಕರ್ನಾಟಕದಲ್ಲಿ ಹಾಗಲ್ಲ, ೧೯೬೫ರ ಅಬಕಾರಿ ಕಾಯಿದೆಯು ಪರವಾನಗಿಯಿಲ್ಲದ ತಯಾರಿಕೆಯನ್ನು ನಿಷೇಧಿಸುತ್ತದೆ. ಇಲ್ಲಿಯ ವಾಚಕರು ಇದನ್ನು ಓದಿ ತಿಳಿಯತಕ್ಕದ್ದೇ ಹೊರತು ಮಾಡಿ ನೋಡತಕ್ಕದ್ದಲ್ಲ.

ಅಕ್ಟೋಬರ್ ತಿಂಗಳ ಕೊನೆ. ಮೊಳೆಯಿಸಿದ ಜವೆಗೋಧಿಯ ರಸಕ್ಕೆ ಹಾಪ್ ಹೂಗಳ ಕಹಿಯನ್ನು ಕೂಡಿಸಿ ಕುದಿಸಿ ಆರಿಸಿ, ಯೀಸ್ಟ್ ಎಂಬ ಹುದುಗನ್ನು ಬೆರಸಿ, ಇಪ್ಪತ್ತು ಲೀಟರಿನ ಪಾತ್ರೆಯನ್ನು ಅಡಿಗೆಮನೆಯ ಮೂಲೆಯಲ್ಲಿಟ್ಟೆವು. ಮೂರು ದಿನ ಅದು ಗುಳುಗುಳು ಸದ್ದು ಮಾಡುತ್ತ ಗಾಳಿಯನ್ನು ಹೊರಕ್ಕೆ ಬಿಟ್ಟಿತು. ನಾಲ್ಕನೆಯ ದಿನ ಹೊರಗೆ ಮಂಜು ಬಿತ್ತು, ಸದ್ದು ನಿಂತಿತು. ಹುದುಗುವ ಕೆಲಸ ಮುಗಿಯಿತೆಂದು ನಾವು ಹಿಗ್ಗಿ, ವಾಡಿಕೆಯಂತೆ ಪ್ರತಿ ಲೀಟರಿಗೆ ಆರು ಗ್ರಾಂ ಸಕ್ಕರೆ ಸೇರಿಸಿ, ನಾಲ್ವತ್ತು ಸೀಸೆಗಳಿಗೆ ತುಂಬಿ ಮುಚ್ಚಳ ಒತ್ತಿದೆವು. ಮನೆಯಲ್ಲಿ ಹಿರಿಯರು ಚಳಿಗಾಲದಲ್ಲಿ ದೋಸೆಯ ಹಿಟ್ಟನ್ನು ಒಲೆಯ ಬಳಿ ಇಟ್ಟು ಹುಳಿ ಬರಿಸುತ್ತಿದ್ದುದು ನೆನಪಿನಲ್ಲಿತ್ತು. ಆ ಜಾಣ್ಮೆಯನ್ನೇ ಇಲ್ಲಿಯೂ ಮೆರೆಸಿ, ಬಿಸಿನೀರಿನ ಹಂಡೆಯಿದ್ದ ಗೂಡಿನೊಳಗೆ ಸೀಸೆಗಳನ್ನು ಜೋಡಿಸಿದೆವು.

ಒಂಬತ್ತನೆಯ ರಾತ್ರಿ ಕೋವಿ ಹಾರಿಸಿದಂತೆ ಶಬ್ದವಾಯಿತು. ಎದ್ದು ದೀಪ ಹಾಕಿ ನೋಡಿದರೆ ಗೂಡಿನ ಬಾಗಿಲಿನ ಸಂದಿಯಿಂದ ನೊರೆ ಹರಿಯುತ್ತಿತ್ತು. ಎದುರಿನ ಬಾಗಿಲ ಮರದಲ್ಲಿ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ಹೆಬ್ಬೆರಳಷ್ಟು ಗಾಜಿನ ಚೂರು ನಾಟಿಕೊಂಡಿತ್ತು. ನಮ್ಮ ಮಗಳು ಪ್ರತಿದಿನ ಬೆಳಗ್ಗೆ ಶಾಲೆಗೆ ಹೊರಡುವಾಗ ಕುಳಿತು ಜೋಡು ಹಾಕಿಕೊಳ್ಳುವ ಸ್ಥಳವದು. ನಾವು ಬಾಗಿಲಿಗೆ ಕೈಹಾಕುವಷ್ಟರಲ್ಲಿ ಒಳಗೆ ಇನ್ನೊಂದು ಸಿಡಿಯಿತು.

ಸದ್ದು ಕೇಳಿ ಬಂದ ನೆರೆಮನೆಯ ಮುದುಕರು ಮೂವತ್ತು ವರ್ಷ ಮನೆಯಲ್ಲಿ ಬೀರು ಮಾಡಿದವರು. ಅವರು ನಮ್ಮನ್ನು ಗೂಡಿನ ಹತ್ತಿರ ಸುಳಿಯಗೊಡಲಿಲ್ಲ. ಹಂಡೆಯನ್ನು ಆರಿಸಿ, ಕಿಟಕಿಗಳನ್ನೆಲ್ಲ ತೆರೆದು, ಬೆಳಗಿನವರೆಗೆ ಚಳಿಯನ್ನು ಒಳಗೆ ಬಿಡುವಂತೆ ಹೇಳಿದರು. ಮರುದಿನ ದಪ್ಪ ಕೋಟು, ಚರ್ಮದ ಕೈಚೀಲ, ಕಣ್ಣಿಗೆ ಕಾಪಿನ ಕನ್ನಡಕ ಧರಿಸಿ, ಉಳಿದ ಸೀಸೆಗಳ ಮೇಲೆ ಕಂಬಳಿ ಹೊದಿಸಿ ಒಂದೊಂದನ್ನಾಗಿ ಹಿತ್ತಿಲಿಗೆ ಸಾಗಿಸಿ, ತಣ್ಣಗಿರುವಾಗಲೇ ಮುಚ್ಚಳಗಳನ್ನು ಸಡಿಲಿಸಿದರು. ಅದಕ್ಕೆ ಕಾರಣವುಂಟು. ಒಂದು ಲೀಟರು ನೀರು ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ೧.೭ ಲೀಟರು ಇಂಗಾಲಾಮ್ಲ ವಾಯುವನ್ನು ತನ್ನಲ್ಲಿ ಅಡಗಿಸಿಕೊಳ್ಳಬಲ್ಲದು. ಇಪ್ಪತ್ತು ಡಿಗ್ರಿಯಲ್ಲಿ ಅದರ ಅರ್ಧವನ್ನು ಮಾತ್ರ. ಬೀರಿನ ವಿಚಾರವೂ ಬಹುಮಟ್ಟಿಗೆ ಹೀಗೆಯೇ. ತಂಪಾದ ಬೀರು ವಾಯುವನ್ನು ನುಂಗಿಕೊಂಡು ಸುಮ್ಮನಿರುತ್ತದೆ, ಬಿಸಿಯಾದರೆ ಹೊರಕ್ಕೆ ನೂಕಿ ಗಾಜನ್ನು ಒತ್ತುತ್ತದೆ.

ನಮ್ಮ ತಪ್ಪು ಎಲ್ಲಿತ್ತೆಂಬುದನ್ನು ಆ ಮುದುಕರು ಒಂದು ಉಷ್ಣಮಾಪಕದಿಂದ ತೋರಿಸಿಕೊಟ್ಟರು. ಅಡಿಗೆಮನೆಯ ಮೂಲೆಯಲ್ಲಿ ರಾತ್ರಿ ೧೧ ಡಿಗ್ರಿ. ಹಂಡೆಯ ಗೂಡಿನಲ್ಲಿ ೨೮. ನಾವು ಬಳಸಿದ ಹುದುಗು ಆಂಗ್ಲರ ಏಲ್ ಎಂಬ ಬೀರಿನದು, ೧೮ರಿಂದ ೨೦ ಡಿಗ್ರಿಯಲ್ಲಿ ಚೆನ್ನಾಗಿ ದುಡಿಯುವಂಥದು. ಚಳಿ ಬಿದ್ದೊಡನೆ ಅದು ಕೆಲಸ ಮುಗಿಸಿರಲಿಲ್ಲ, ಮಲಗಿತ್ತು. ರಸದಲ್ಲಿ ಸಕ್ಕರೆ ಇನ್ನೂ ಉಳಿದಿತ್ತು. ಲೀಟರಿನಲ್ಲಿ ನಾಲ್ಕು ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ಲೀಟರು ವಾಯು ಹುಟ್ಟುತ್ತದೆ. ಸಾಮಾನ್ಯ ಬೀರಿಗೆ ಒಟ್ಟು ಎರಡೂವರೆ ಲೀಟರು ಸಾಕು. ನಾವು ಹಾಕಿದ ಆರು ಗ್ರಾಂ ಆ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಆದರೆ ಅಡಗಿ ಉಳಿದಿದ್ದ ಸಕ್ಕರೆಯು, ಬೆಚ್ಚನೆಯ ಗೂಡಿನಲ್ಲಿ ಹುದುಗು ಎಚ್ಚೆತ್ತೊಡನೆ, ಲೆಕ್ಕಕ್ಕೆ ಸಿಗದಷ್ಟು ವಾಯುವನ್ನು ಸೀಸೆಯೊಳಗೇ ಹುಟ್ಟಿಸಿತು. ಸದ್ದು ನಿಂತಿತೆಂಬುದನ್ನು ನಂಬಬಾರದು. ಸಾಂದ್ರಮಾಪಕವನ್ನು ರಸದಲ್ಲಿ ತೇಲಿಸಿ, ಎರಡು ಮೂರು ದಿನ ಅಂಕೆ ಇಳಿಯದೆ ನಿಂತಿದೆಯೆಂದೂ, ಆ ಬೀರು ಇಳಿಯಬೇಕಾದ ಮಟ್ಟಕ್ಕೆ ಇಳಿದಿದೆಯೆಂದೂ ಕಂಡ ಮೇಲೆಯೇ ಸೀಸೆಗೆ ತುಂಬತಕ್ಕದ್ದು. ಅಂಕೆ ಮೇಲೆಯೇ ನಿಂತುಬಿಟ್ಟಿದ್ದರೆ ಪಾತ್ರೆಯನ್ನು ಬೆಚ್ಚಗೆ ಮಾಡಿ ಕಾಯಬೇಕು.

ಚಳಿಯೂ ಸೆಖೆಯೂ ಬೀರನ್ನು ಆಳುತ್ತಿದ್ದುದು ಹೊಸ ಸಂಗತಿಯಲ್ಲ. ಜರ್ಮನಿಯ ಬವೇರಿಯಾದಲ್ಲಿ ೧೫೫೩ರಲ್ಲಿ ಐದನೆಯ ಆಲ್ಬ್ರೆಕ್ಟ್ ದೊರೆಯು ಏಪ್ರಿಲ್ ೨೩ರಿಂದ ಸೆಪ್ಟೆಂಬರ್ ೨೯ರವರೆಗೆ ಬೀರು ಕಾಯಿಸಕೂಡದೆಂದು ಆಜ್ಞೆ ಮಾಡಿದನು. ಬೇಸಗೆಯಲ್ಲಿ ಮಾಡಿದ್ದು ಕೆಡುತ್ತಿತ್ತು. ಆದ್ದರಿಂದ ಬೇಸಗೆಗೆ ಬೇಕಾದುದನ್ನೆಲ್ಲ ಚಳಿಗಾಲದಲ್ಲಿಯೇ ಮಾಡಿಟ್ಟುಕೊಳ್ಳಬೇಕಾಯಿತು. ಅದಕ್ಕಾಗಿ ಅಲ್ಲಿಯ ಜನ, ನಮ್ಮ ರೈತರು ಜೋಳಕ್ಕೆ ಹಗೇವು ತೋಡಿದಂತೆ, ನೆಲದೊಳಗೆ ಮಾಳಿಗೆಗಳನ್ನು ತೋಡಿ, ಕೆರೆಯ ಹೆಪ್ಪುಗಟ್ಟಿದ ನೀರನ್ನು ಕೊಯ್ದು ತಂದು ತುಂಬಿದರು. ಮೇಲಿನ ನೆಲ ಕಾಯದಂತೆ ಅಗಲ ಎಲೆಯ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಆ ನೆರಳಿನಲ್ಲಿ ಜನ ಕುಳಿತು ಕುಡಿಯಲಾರಂಭಿಸಿದರು. ೧೮೧೨ರಲ್ಲಿ ಮೊದಲನೆಯ ಮ್ಯಾಕ್ಸಿಮಿಲಿಯನ್ ರಾಜನು ಅದಕ್ಕೆ ಅಪ್ಪಣೆಯಿತ್ತನು. ಮ್ಯೂನಿಕ್ ನಗರದ ಹೆಸರಾಂತ ಬೀರುತೋಟಗಳು ಹುಟ್ಟಿದ್ದು ಹೀಗೆ, ಒಂದು ಉಗ್ರಾಣದ ನೆತ್ತಿಯ ಮೇಲೆ. ೧೮೭೦ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯು ತನ್ನ ಶೀತಯಂತ್ರವನ್ನು ಅಲ್ಲಿಯ ಬೀರುಗಾರರ ಆಶ್ರಯದಲ್ಲಿಯೇ ಪರೀಕ್ಷಿಸಿದನು. ಇಂದು ನಮ್ಮ ಅಡಿಗೆಮನೆಯಲ್ಲಿ ಮೊಸರನ್ನು ಕಾಯುವ ತಂಪುಪೆಟ್ಟಿಗೆಯು ಆ ವಂಶಕ್ಕೆ ಸೇರಿದುದೇ. ಆಂಗ್ಲರ ಪೈಕಿ ಉಷ್ಣವನ್ನು ಸೂಕ್ಷ್ಮವಾಗಿ ಅಳೆದು ಕೀರ್ತಿ ಪಡೆದ ಜೇಮ್ಸ್ ಜೂಲನೂ ಸಾಲ್ಫರ್ಡಿನ ಬೀರುಗಾರನ ಮಗನೆಂಬುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಎರಡನೆಯ ಬಾರಿ ನಾವು ಅವಸರಪಡಲಿಲ್ಲ. ಪಾತ್ರೆಯನ್ನು ೧೯ ಡಿಗ್ರಿಯಲ್ಲಿ ಎರಡು ವಾರ ಹುದುಗಿಸಿ, ಅಂಕೆ ನೋಡಿ ತುಂಬಿದೆವು. ತುಂಬಿದ ಸೀಸೆಗಳನ್ನು ಹೆಂಡತಿಯ ಸಲಹೆಯಂತೆ ಅದೇ ಕೋಣೆಯಲ್ಲಿ, ಮುಚ್ಚಳವಿದ್ದ ಗಟ್ಟಿ ಪೆಟ್ಟಿಗೆಯೊಳಗೆ, ಮತ್ತೆರಡು ವಾರ ಇರಿಸಿದೆವು. ಈ ಎರಡು ವಾರ ತಂಪು ಸಲ್ಲದು. ತಂಪಿಗಿಟ್ಟರೆ ಹುದುಗು ಮಲಗಿ, ಬೀರು ಸಪ್ಪೆನೀರಾಗುತ್ತದೆ. ವಾಯು ತುಂಬಿದ ಮೇಲೆ ತಂಪು ಬೇಕು. ಎಷ್ಟು ತಂಪು? ಮುದುಕರು ನಕ್ಕು, ನೀವೇ ನೋಡಿರೆಂದರು. ಹನ್ನೆರಡು ಸೀಸೆಗಳನ್ನು ಉಗ್ರಾಣದ ಕೋಣೆಯಲ್ಲಿಯೂ, ಹನ್ನೆರಡನ್ನು ಹಿತ್ತಿಲ ಗುಡಿಸಿಲಿನಲ್ಲಿಯೂ, ಹನ್ನೆರಡನ್ನು ಮೆಟ್ಟಿಲ ಕೆಳಗಿನ ಕಲ್ಲಿನ ನೆಲಮಾಳಿಗೆಯಲ್ಲಿಯೂ ನಿಲ್ಲಿಸಿದೆವು. ಸೀಸೆಗಳನ್ನು ಮಲಗಿಸಲಿಲ್ಲ; ನಿಂತಿದ್ದರೆ ಗಸಿ ತಳದಲ್ಲಿ ನೆಲೆಗೊಳ್ಳುತ್ತದೆ. ಕೋಣೆ ೨೧ ಡಿಗ್ರಿ. ಮಾಳಿಗೆ ೧೧ರಿಂದ ೧೩. ಗುಡಿಸಿಲಂತೂ ರಾತ್ರಿ ೨, ಬಿಸಿಲೇರಿದ ಮಧ್ಯಾಹ್ನ ೧೭.

ಮೂರು ತಿಂಗಳ ಮೇಲೆ ತೆರೆದಾಗ ಕೋಣೆಯದು ಒದ್ದೆ ರಟ್ಟಿನ ವಾಸನೆ ಬಡಿಯುತ್ತಿತ್ತು. ಸೀಸೆಯಲ್ಲಿ ಉಳಿದ ಅಲ್ಪ ಆಮ್ಲಜನಕದ ಕೆಲಸವಿದು. ಉಷ್ಣ ಹತ್ತು ಡಿಗ್ರಿ ಏರಿದರೆ ಇದರ ವೇಗ ಎರಡು ಮೂರು ಪಟ್ಟಾಗುತ್ತದೆ. ಕಸಬಿನವರಲ್ಲಿ ಒಂದು ಒರಟು ಲೆಕ್ಕವಿದೆ: ೩೨ ಡಿಗ್ರಿಯಲ್ಲಿ ೩ ದಿನಕ್ಕೆ ಆಗುವ ಹಾನಿ, ೨೨ರಲ್ಲಿ ೩೦ ದಿನಕ್ಕೂ, ೩ರಲ್ಲಿ ೩೦೦ ದಿನಕ್ಕೂ ಆಗುವುದಂತೆ. ಗುಡಿಸಿಲಿನದು ಕುಡಿಯಲು ಬಾರದಂತಿರಲಿಲ್ಲ, ಆದರೆ ಚಪ್ಪಟೆಯಾಗಿ ಮಬ್ಬಾಗಿತ್ತು. ಅತಿ ತಂಪಿನಲ್ಲಿ ಧಾನ್ಯದ ಸಾರಾಂಶಗಳು ಒಗರಿನೊಡನೆ ಕೂಡಿ ಮಬ್ಬಾಗುವುದೂ, ಬೆಚ್ಚಗಾದರೆ ತಿಳಿಯಾಗುವುದೂ ಉಂಟು. ಪದೇ ಪದೇ ಹಾಗಾದರೆ ಮಬ್ಬು ನಿಂತೇ ಬಿಡುತ್ತದೆ. ಮಾಳಿಗೆಯ ಸೀಸೆಯನ್ನು ತೆರೆದಾಗ ಮುದುಕರು ಏನನ್ನೂ ಹೇಳದೆ ಲೋಟವನ್ನು ಮತ್ತೊಮ್ಮೆ ಮುಂದಕ್ಕೆ ನೂಕಿದರು.

ಇದು ಏಲಿನ ಮಾತು. ಲಾಗರ್ ಎಂಬ ಜರ್ಮನ್ ಬೀರಿಗೆ ಹುದುಗೇ ಬೇರೆ. ಅದನ್ನು ೯ರಿಂದ ೧೨ ಡಿಗ್ರಿಯಲ್ಲಿ ಹುದುಗಿಸಿ, ಬಳಿಕ ಸೊನ್ನೆಯ ಹತ್ತಿರ ವಾರಗಟ್ಟಲೆ ಇರಿಸುತ್ತಾರೆ. ಎಷ್ಟೇ ತಂಪೆಂದರೂ ಸೊನ್ನೆಯ ಕೆಳಗೆ ಎರಡು ಡಿಗ್ರಿ ದಾಟಿತೆಂದರೆ ಬೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಸೀಸೆ ಮತ್ತೆ ಒಡೆಯುತ್ತದೆ. ಈ ಬಾರಿ ಕಾರಣ ಮಾತ್ರ ತಿರುಗುಮುರುಗು.

ಬಾಗಿಲ ಮರದಲ್ಲಿದ್ದ ಗುರುತನ್ನು ನಾವು ಬಣ್ಣ ಬಳಿದು ಮುಚ್ಚಲಿಲ್ಲ. ಮಾಳಿಗೆಯ ಮೆಟ್ಟಿಲಲ್ಲಿ ಉಷ್ಣಮಾಪಕವನ್ನು ತೂಗುಹಾಕಿದೆವು. ಪ್ರತಿದಿನ ಬೆಳಗ್ಗೆ ಜೋಡು ಹಾಕಿಕೊಂಡ ಮೇಲೆ ಅದನ್ನು ನೋಡಿ ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಬರೆಯುವುದು ಮಗಳ ಕೆಲಸವಾಯಿತು. ಆ ಮನೆಯನ್ನು ಬಿಟ್ಟು ಬಂದ ದಿನ ಅವಳು ಬರೆದ ಕೊನೆಯ ಅಂಕೆ ೧೨.