ಏಳು ಗಂಟೆಯ ಮಾತ್ರೆ

ಕಳೆದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಕರೆ ಬಂತು. "ಇವರಿಗೆ ಏಳು ಗಂಟೆಯ ಮಾತ್ರೆ ಇನ್ನೂ ಕೊಟ್ಟಿಲ್ಲವಂತಪ್ಪ, ಒಂಬತ್ತೂವರೆ ಆಯಿತು. ವಾರ್ಡಿಗೆ ಫೋನು ಮಾಡಿದರೆ ಔಷಧದ ಗಾಡಿ ಬರುತ್ತದೆ, ಕಾಯಿರಿ ಎನ್ನುತ್ತಾರೆ. ಮತ್ತೆ ಕೇಳಿದರೆ ಬೇಸರ ಮಾಡಿಕೊಂಡಾರು."

ಚಿಕ್ಕಪ್ಪ 1970ರ ದಶಕದಲ್ಲಿ ಮೈಸೂರಿನಿಂದ ಇಂಗ್ಲೆಂಡಿಗೆ ಬಂದ ಇಂಜಿನಿಯರ್. ಹನ್ನೊಂದು ವರ್ಷಗಳಿಂದ ಪಾರ್ಕಿನ್ಸನ್ಸ್ ಕಾಯಿಲೆ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆದಿತ್ತು. ನಾನು ನಾಲ್ಕು ಗಂಟೆಯ ಪ್ರಯಾಣದಷ್ಟು ದೂರದ ಊರಿನಲ್ಲಿ ವೈದ್ಯ.

ಈ ಕಾಯಿಲೆಯಲ್ಲಿ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ಕುಗ್ಗುತ್ತ ಹೋಗುತ್ತದೆ. ಅದನ್ನು ತುಂಬಿಕೊಡುವುದು ಲೆವೊಡೋಪ ಮಾತ್ರೆ. (ನಮ್ಮೂರ ಬೇಲಿಗಳ ನಸುಗುನ್ನಿಯ ಬೀಜದಲ್ಲಿಯೂ ಇದೇ ವಸ್ತುವಿದೆ, ಹಾಗೆಂದು ದಯವಿಟ್ಟು ಯಾರಿಗೂ ಅರೆದು ಕುಡಿಸಬೇಡಿ.) ರೋಗ ಬಲಿತಂತೆ ಮಾತ್ರೆಯ ಪ್ರಭಾವ ಕೆಲವೇ ಗಂಟೆ ನಿಲ್ಲುತ್ತದೆ. ಆದುದರಿಂದಲೇ ಒಬ್ಬೊಬ್ಬರಿಗೆ ಒಂದೊಂದು ವೇಳಾಪಟ್ಟಿ. ಆಸ್ಪತ್ರೆಯಲ್ಲಿಯೂ ನಿಗದಿತ ಸಮಯದ 30 ನಿಮಿಷಗಳೊಳಗೆ ಅದು ರೋಗಿಗೆ ಸಿಗಬೇಕೆಂಬುದು ಇಲ್ಲಿನ ನೈಸ್ ಸಂಸ್ಥೆಯ ಮಾನದಂಡ. ವಾರ್ಡಿನ ಗಾಡಿಗಾದರೋ ತನ್ನದೇ ಗಡಿಯಾರ.

ಮಧ್ಯಾಹ್ನ ನಾನು ತಲುಪಿದಾಗ ಚಿಕ್ಕಪ್ಪ ಮರದ ದಿಮ್ಮಿಯಂತೆ ಮಲಗಿದ್ದರು. ಕಣ್ಣು ಮಾತ್ರ ನನ್ನನ್ನು ಹಿಂಬಾಲಿಸುತ್ತಿತ್ತು. ಹಿಂದಿನ ದಿನವೂ ಮಾತ್ರೆಗಳು ತಡವಾಗಿದ್ದವು. ಮೈ ಬಿಗಿದಂತೆ ಗಂಟಲೂ ಬಿಗಿದಿತ್ತು. ನುಂಗಲಾರರೆಂದು ಕಂಡು, ಬಾಯಿಯಿಂದ ಏನನ್ನೂ ಕೊಡಬಾರದೆಂಬ ಫಲಕವನ್ನು ತಲೆಯ ಮೇಲೆ ತೂಗುಹಾಕಿದ್ದರು. ಅದರೊಂದಿಗೆ ಮಾತ್ರೆಗಳೂ ಸಂಪೂರ್ಣ ನಿಂತಿದ್ದವು. ಮಾತ್ರೆಯಿಲ್ಲದೆ ನುಂಗಲಾಗದು, ನುಂಗಲಾಗದೆ ಮಾತ್ರೆಯಿಲ್ಲ. ಹೀಗೆ ಹಠಾತ್ತನೆ ನಿಂತರೆ ತೀವ್ರ ಜ್ವರ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಸಾಲದ್ದಕ್ಕೆ ವಾಂತಿಗೆಂದು ಮೆಟೊಕ್ಲೋಪ್ರಮೈಡ್ ಚುಚ್ಚಿದ್ದರು. ಅದು ಡೋಪಮೈನನ್ನೇ ತಡೆಯುವ ಔಷಧ. ಇಂಥ ರೋಗಿಗಳಿಗೆ ಸಲ್ಲದು.

ದಾಖಲೆಯಲ್ಲಿ, ರಾತ್ರಿಯಿಡೀ ಅರ್ಥವಿಲ್ಲದ ಶಬ್ದಗಳನ್ನಾಡುತ್ತಿದ್ದರು, ಗೊಂದಲದಲ್ಲಿದ್ದಾರೆ ಎಂದು ಬರೆದಿತ್ತು. ಬಾಯಿಯ ಬಳಿ ಕಿವಿಯಿಟ್ಟೆ. "ನೀರು" ಎನ್ನುತ್ತಿದ್ದರು.

ಬೆಂಗಳೂರಿನ ಆಸ್ಪತ್ರೆಯಾಗಿದ್ದರೆ ಚಿಕ್ಕಮ್ಮ ಮಂಚದ ಪಕ್ಕದಲ್ಲಿಯೇ ಚಾಪೆ ಹಾಸಿಕೊಂಡು ಮಲಗಿರುತ್ತಿದ್ದರು. ಆ ವ್ಯವಸ್ಥೆಯನ್ನು ನಾನು ಬಹಳ ಸಲ ಆಡಿಕೊಂಡಿದ್ದೇನೆ. ಇಲ್ಲಿಯೋ, ಆ ವಾರ್ಡಿನಲ್ಲಿ ಬಂಧುಗಳಿಗೆ ಎರಡು ಗಂಟೆಯ ನಂತರವೇ ಪ್ರವೇಶ. ಮನೆಯಿಂದ ತಂದ ಮಾತ್ರೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು.

ಕರ್ತವ್ಯದಲ್ಲಿದ್ದ ಕಿರಿಯ ವೈದ್ಯರೊಡನೆ ಮಾತಾಡಿದೆ. ಧ್ವನಿ ಏರಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅಂದು ಸಂಜೆಯೇ ಮೂಗಿನ ಮೂಲಕ ನಳಿಕೆ ಇಳಿಸಿ, ನೀರಿನಲ್ಲಿ ಕರಗುವ ಲೆವೊಡೋಪ ಕೊಡಲಾರಂಭಿಸಿದರು, ಮೆಟೊಕ್ಲೋಪ್ರಮೈಡ್ ನಿಂತಿತು. ಸೋಮವಾರ ಪಾರ್ಕಿನ್ಸನ್ಸ್ ತಜ್ಞ ನರ್ಸ್ ಬಂದು ವೇಳಾಪಟ್ಟಿಯನ್ನು ಹಾಸಿಗೆಯ ಮೇಲ್ಗಡೆ ಅಂಟಿಸಿದರು. ಮಂಗಳವಾರ ಮುಷ್ಟಿ ಸಡಿಲಿತು.

ಆಮೇಲೆ ಮನೆಯೊಳಗೇ ಜಗಳ. ಕೆನಡಾದಲ್ಲಿರುವ ಮಗಳು ಲಿಖಿತ ದೂರು ಕೊಡಲೇಬೇಕೆಂದಳು. ಚಿಕ್ಕಮ್ಮ ಒಪ್ಪಲಿಲ್ಲ: "ಇಷ್ಟು ವರ್ಷ ಒಂದು ಪೌಂಡ್ ಕೇಳದೆ ನೋಡಿಕೊಂಡವರ ಮೇಲೆ ದೂರೇ?" ಇಬ್ಬರೂ ನನ್ನ ಮುಖ ನೋಡಿದರು. ನನಗೋ ಬೇರೆಯದೇ ಸಂಕಟ. ಮೂವತ್ತು ವರ್ಷಗಳ ವೃತ್ತಿಯಲ್ಲಿ ಅಂಥ ಫಲಕ ತೂಗುಹಾಕಿಸಿದಾಗಲೆಲ್ಲ, ರೋಗಿಯ ಮಾತ್ರೆಗಳ ಗತಿಯೇನೆಂದು ನಾನು ವಿಚಾರಿಸಿದ್ದೆನೇ?

ಹೊರದೇಶಗಳಲ್ಲಿ ಇಂಥ ಹಿರಿಯರಿರುವ ಮನೆಗಳವರು ಮಾತ್ರೆಗಳ ಹೆಸರು, ಪ್ರಮಾಣ, ಗಂಟೆಗಳನ್ನು ಬರೆದ ಹಾಳೆಯೊಂದನ್ನು ಬಾಗಿಲ ಬಳಿಯ ಚೀಲದಲ್ಲಿ ಸಿದ್ಧವಾಗಿಡಿ; ಮಾತ್ರೆಗಳನ್ನು ಅವುಗಳ ಮೂಲ ಪೆಟ್ಟಿಗೆಯಲ್ಲಿಯೇ ಒಯ್ಯಿರಿ. ರೋಗಿ ಸಮರ್ಥರಾಗಿದ್ದರೆ ತಾವೇ ತೆಗೆದುಕೊಳ್ಳಲು ಅನುಮತಿಯನ್ನು ಮೊದಲ ದಿನವೇ ಕೇಳಿ. ನುಂಗಲಾಗದಿದ್ದರೆ ನಳಿಕೆಯೋ, ಚರ್ಮಕ್ಕೆ ಅಂಟಿಸುವ ಔಷಧದ ಪಟ್ಟಿಯೋ, ಯಾವುದು ಸಾಧ್ಯವೆಂದು ವಿಚಾರಿಸಿ. ಎರಡನೆಯ ಸಲ ಕೇಳಲು ಸಂಕೋಚ ಬೇಡ.

ಚಿಕ್ಕಪ್ಪ ಆರು ವಾರಗಳ ಬಳಿಕ ಮನೆಗೆ ಮರಳಿದರು. ಮೊದಲಿನಂತೆ ಕೋಲೂರಿಕೊಂಡು ಹಿತ್ತಲಿನ ಗುಲಾಬಿಗಳವರೆಗೆ ಹೋಗಲು ಈಗ ಆಗುವುದಿಲ್ಲ. ಕೊನೆಗೆ ದೂರಿನ ಪತ್ರವೂ ಹೋಯಿತು. ಕಳುಹಿಸುವ ಮುನ್ನ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ನರ್ಸಿನ ಹೆಸರಿದ್ದ ಸಾಲನ್ನು ಹೊಡೆದುಹಾಕಿದರು. "ಆ ಹುಡುಗಿ ರಾತ್ರಿಯೆಲ್ಲ ಒಬ್ಬಳೇ ಓಡಾಡುತ್ತಿದ್ದಳು" ಎಂದರು.